ಮೂರನೇ ಕೃಷ್ಣ

ನಮ್ಮ ಕಡೆ ಕುರುಕ್ಷೇತ್ರ ನಾಟಕದಲ್ಲಿ ಕೃಷ್ಣ ಒಬ್ಬನೇ ಇರುವುದಿಲ್ಲ. ಜಾತ್ರೆ ಕಾಲದಲ್ಲಿ ಮಧುಗಿರಿಯಿಂದ ಕೊರಟಗೆರೆಗೋ ಶಿರಾಕ್ಕೋ ಬಸ್ಸಿನಲ್ಲಿ ಹೊರಟರೆ ಅರಳಿಕಟ್ಟೆ, ಹಾಲಿನ ಡೈರಿ, ಸೊಸೈಟಿ ಗೋಡೆಗಳ ಮೇಲೆಲ್ಲ ನಾಟಕದ ಪಾಂಪ್ಲೆಟ್ಟು. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂಬ ದಪ್ಪಕ್ಷರದ ಕೆಳಗೆ ಪಾತ್ರವರ್ಗ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಊರು ಸ್ವಲ್ಪ ಅನುಕೂಲವಾಗಿದ್ದರೆ ಮೂರನೇ ಕೃಷ್ಣ. ದುರ್ಯೋಧನನೂ ಇಬ್ಬರು. ಕೆಲವೆಡೆ ಭೀಮಾರ್ಜುನರೂ ಜೋಡಿಜೋಡಿ. ಶಕುನಿಯನ್ನು ಮಾತ್ರ ಹೀಗೆ ಪಾಲು ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ಅವನ ಪಾರ್ಟಿನಲ್ಲಿ ಮಾತು ಜಾಸ್ತಿ, ಹಾಡು ಕಡಿಮೆ.

ಹೊರಗಿನವರಿಗೆ ಇದು ತಮಾಷೆ. ಅರ್ಜುನ ದುರ್ಯೋಧನರು ಸಹಾಯ ಕೇಳಲು ಬಂದಾಗ ಮಂಚದ ಮೇಲೆ ಮಲಗಿದ್ದ ಕೃಷ್ಣ ಸಣ್ಣಗೆ ಉದ್ದಕ್ಕಿರುತ್ತಾನೆ. ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದಿಳಿಯುವ ಹೊತ್ತಿಗೆ ಗುಂಡಗೆ ಗಟ್ಟಿಯಾಗಿ, ಅವತ್ತೇ ಮೀಸೆ ತೆಗೆಸಿದ ಗುರುತಿನೊಂದಿಗೆ ಬರುತ್ತಾನೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಪಾರ್ಟು ಹಾಕುವವರು ಸಂಬಳ ತೆಗೆದುಕೊಳ್ಳುವವರಲ್ಲ, ದುಡ್ಡು ಕೊಡುವವರು. ರೈತರು, ಶಾಲೆ ಮೇಷ್ಟ್ರುಗಳು, ದಿನಸಿ ಅಂಗಡಿಯವರು, ಬಸ್ ಕಂಡಕ್ಟರು, ಪಂಚಾಯಿತಿ ಮೆಂಬರು. ಪಾತ್ರಕ್ಕೊಂದು ರೇಟು. ದುರ್ಯೋಧನ, ಕೃಷ್ಣ ಮೇಲಿನ ಸಾಲು. ಸಂಜಯ, ವಿಕರ್ಣ ಕೆಳಗಿನ ಸಾಲು. ಆ ದುಡ್ಡಿನಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ವಸ್ತ್ರಾಲಂಕಾರ, ಮೈಕ್ ಸೆಟ್ಟು, ದ್ರೌಪದಿ ಭಾನುಮತಿಯರ ಪಾತ್ರಕ್ಕೆ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಬರುವ ಕಲಾವಿದೆಯರ ಖರ್ಚು ಎಲ್ಲ ನಡೆಯಬೇಕು. ಕೃಷ್ಣನಾಗಲು ಮೂವರು ದುಡ್ಡು ಹಿಡಿದು ನಿಂತರೆ ಮೂವರು ಕೃಷ್ಣರು. ಇದರಲ್ಲಿ ಶಾಸ್ತ್ರವೇನೂ ಇಲ್ಲ.

ಈ ಲೆಕ್ಕವನ್ನು ಮೊದಲ ಸಲ ಕೇಳಿದಾಗ ಬಿದ್ದುಬಿದ್ದು ನಕ್ಕವನು ನನ್ನ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಭಾನುವಾರ ಬಂತೆಂದರೆ ಗೆಳೆಯರ ಜೊತೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದೂ ಪಾರ್ಟು ಹಾಕುವ ಆಟವೇ. ಒಬ್ಬ ಮಾಸ್ಟರ್ ಒಂದು ರಟ್ಟಿನ ಮರೆಯ ಹಿಂದೆ ಕೂತು ಕಥೆ ಹೇಳುತ್ತಾನೆ, ಉಳಿದ ನಾಲ್ಕೈದು ಜನ ಒಂದೊಂದು ಪಾತ್ರ. ಬಣ್ಣವಿಲ್ಲ, ಕಿರೀಟವಿಲ್ಲ, ಹಾರ್ಮೋನಿಯಂ ಇಲ್ಲ. ಬಲ ಎಷ್ಟು, ಬುದ್ಧಿ ಎಷ್ಟು, ಪ್ರಾಣ ಎಷ್ಟು ಎಂದು ಬರೆದಿಟ್ಟ ಒಂದು ಹಾಳೆ, ಮತ್ತೆ ನಾಲ್ಕು ಮುಖದಿಂದ ಇಪ್ಪತ್ತು ಮುಖದವರೆಗಿನ ದಾಳಗಳು. ಕತ್ತಿ ಬೀಸಿದೆ ಅಂದರೆ ಸಾಲದು, ದಾಳ ಒಪ್ಪಬೇಕು. ಶಕುನಿಗೆ ಇಷ್ಟವಾಗುತ್ತಿದ್ದ ಆಟ.

ನಕ್ಕು ಮುಗಿಸಿದ ಮೇಲೆ ಅವನು ಹೇಳಿದ: “ಮಾವ, ನಿಮ್ಮ ನಾಟಕಕ್ಕೆ ಆಗಿರೋದು ನಮ್ಮ ಆಟಕ್ಕೂ ಆಗಿದೆ. ಪವರ್ ಕ್ರೀಪ್ ಅಂತೀವಿ.” ಆಮೇಲೆ ವಿವರಿಸಿದ. ಮೂಲ ನಿಯಮದ ಪುಸ್ತಕ ಬಂದ ಮೇಲೆ ಅದಕ್ಕೊಂದು ಪೂರಕ ಪುಸ್ತಕ ಬರುತ್ತದೆ. ಅದರಲ್ಲಿರುವ ಶೂರ ಹಳೆಯ ಪುಸ್ತಕದ ಶೂರನಿಗಿಂತ ಒಂದು ಕೂದಲೆಳೆ ಮೇಲು. ಇಲ್ಲದಿದ್ದರೆ ಆ ಪುಸ್ತಕ ಯಾರು ಕೊಳ್ಳುತ್ತಾರೆ? ಮುಂದಿನ ಪೂರಕದವನು ಇವನಿಗಿಂತ ಒಂದು ಕೂದಲೆಳೆ ಮೇಲು. ಹತ್ತು ಪುಸ್ತಕ ಬರುವಷ್ಟರಲ್ಲಿ ಕೂದಲೆಳೆ ಜಡೆಯಾಗಿರುತ್ತದೆ.

ಆ ಆಟದ ಚರಿತ್ರೆಯನ್ನು ಕೆದಕಿದರೆ ರೋಗ ಹುಟ್ಟಿನಿಂದಲೇ ಇದೆ. 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಹೊರತಂದದ್ದು ಒಂದು ಡಬ್ಬಿಯಲ್ಲಿ ಮೂರು ತೆಳು ಪುಸ್ತಕ. ಯೋಧ, ಮಾಂತ್ರಿಕ, ಪುರೋಹಿತ ಎಂದು ಮೂರೇ ಬಗೆಯ ಪಾತ್ರ. ಬಾಕುವಿನ ಪೆಟ್ಟಿಗೂ ದೊಡ್ಡ ಕತ್ತಿಯ ಪೆಟ್ಟಿಗೂ ಅದೇ ಆರು ಮುಖದ ದಾಳ. ಮರುವರ್ಷವೇ, 1975ರಲ್ಲಿ, ಮೊದಲ ಪೂರಕ ‘ಗ್ರೇಹಾಕ್’ ಬಂತು. ಆಯುಧಕ್ಕೊಂದು ದಾಳವಾಯಿತು. ಬಲದ ಅಂಕಕ್ಕೆ 18 ಎಂಬುದು ಅಲ್ಲಿಯವರೆಗೆ ಶಿಖರವಾಗಿತ್ತು; ಇನ್ನು ಮೇಲೆ 18 ಬಿದ್ದ ಯೋಧ ನೂರರವರೆಗೆ ಮತ್ತೊಂದು ಸಲ ದಾಳ ಹಾಕಬಹುದು, ಅದು ಏರಿದಷ್ಟೂ ಬಲ ಏರುತ್ತದೆ ಎಂದಾಯಿತು. ನಿನ್ನೆ ರಾತ್ರಿ 18 ಪಡೆದು ಖುಷಿಯಿಂದ ಮಲಗಿದವನು ಬೆಳಿಗ್ಗೆ ಎದ್ದು ಬರೀ 18 ಆಗಿದ್ದ.

ನನಗೆ ಇದಕ್ಕಿಂತ ರುಚಿಯೆನಿಸಿದ್ದು ಕಳ್ಳನ ಸಂಗತಿ. ಅದೇ ಪೂರಕದಲ್ಲಿ ಕಳ್ಳ ಎಂಬ ಹೊಸ ಪಾತ್ರ ಬಂದ. ಗೋಡೆ ಹತ್ತುವುದು, ಸದ್ದಿಲ್ಲದೆ ನಡೆಯುವುದು, ಬೀಗ ತೆಗೆಯುವುದು ಅವನ ವಿದ್ಯೆ. ಇಂತಿಷ್ಟು ಅಂಕಕ್ಕೆ ಇಂತಿಷ್ಟು ಎಂದು ಕೋಷ್ಟಕವೂ ಬಂತು. ಅಲ್ಲಿಯವರೆಗೆ ಗೋಡೆ ಎಲ್ಲರೂ ಹತ್ತುತ್ತಿದ್ದರು! ಮಾಸ್ಟರ್ ಹೂಂ ಅಂದರೆ ಆಗಿತ್ತು. ಕೋಷ್ಟಕ ಬಂದ ಮೇಲೆ ಯೋಧ ಗೋಡೆಯ ಬುಡದಲ್ಲಿ ನಿಂತು ಕಳ್ಳನ ಮುಖ ನೋಡಬೇಕಾಯಿತು. ಹೊಸಬನಿಗೆ ಕೊಟ್ಟದ್ದನ್ನು ಹಳಬರಿಂದ ಕಿತ್ತೇ ಕೊಡಲಾಗಿತ್ತು, ಕಿತ್ತದ್ದು ಯಾವ ಪುಟದಲ್ಲೂ ಬರೆದಿರಲಿಲ್ಲ ಅಷ್ಟೆ. ಬಲ ಹಿಗ್ಗುತ್ತದೆ ಎಂದು ಎಲ್ಲರೂ ದೂರುತ್ತಾರೆ. ಹಿಗ್ಗಿದವನನ್ನು ಸಹಿಸಿಕೊಳ್ಳಬಹುದು. ಏನೂ ತಪ್ಪು ಮಾಡದೆ, ಕೂತ ಜಾಗ ಬಿಟ್ಟು ಏಳದೆ, ಕುಗ್ಗಿಹೋದವನ ಕಥೆಯೇ ಕಷ್ಟದ್ದು.

ನನಗೆ ಇದು ಗೊತ್ತಿರುವುದು ಸಾತ್ಯಕಿಯ ಪಾರ್ಟು ಹಾಕಿದ್ದರಿಂದ. ಮಿಡಿಗೇಶಿ ಕಡೆಯ ನಮ್ಮೂರಿನಲ್ಲಿ ನಾನು ಮೊದಲು ಬಣ್ಣ ಹಚ್ಚಿದಾಗ ಸಾತ್ಯಕಿಗೆ ಎರಡು ಹಾಡು, ದುರ್ಯೋಧನನಿಗೆ ನಾಲ್ಕೋ ಐದೋ. ನನ್ನದು ಮರ್ಯಾದಸ್ಥ ಪಾತ್ರವಾಗಿತ್ತು. ಆಮೇಲಿನ ವರ್ಷಗಳಲ್ಲಿ ನನ್ನ ಎರಡು ಹಾಡನ್ನು ಯಾರೂ ಕಿತ್ತುಕೊಳ್ಳಲಿಲ್ಲ. ದುರ್ಯೋಧನನ ಪಾರ್ಟಿನವರು ಶಿರಾ ಕಡೆಯ ಒಂದು ನಾಟಕ ನೋಡಿ ಬಂದು ಅಲ್ಲಿನ ಮಟ್ಟೊಂದನ್ನು ತಮಗೂ ಬೇಕೆಂದರು. ಅದು ಸೇರಿತು. ಅದಕ್ಕೆ ಉತ್ತರವಾಗಿ ಭೀಮನಿಗೊಂದು. ಭೀಮನಿಗೆ ಒನ್ಸ್ ಮೋರ್ ಬಿದ್ದು, ಅಂಗಿಗೆ ನೋಟು ಚುಚ್ಚಿದ್ದನ್ನು ಕಂಡು ಕರ್ಣನಿಗೊಂದು. ಕೃಷ್ಣನಂತೂ ಇಬ್ಬರು, ಒಂದನೆಯವನಿಗೆ ಇದ್ದಷ್ಟು ಎರಡನೆಯವನಿಗೂ ಬೇಡವೇ, ಅವನೇನು ದುಡ್ಡು ಕಡಿಮೆ ಕೊಟ್ಟನೇ? ಪೇಟೆಯಲ್ಲಿ ಸಿಗುವ ನಾಟಕದ ಪುಸ್ತಕ ಅಷ್ಟೇ ದಪ್ಪ ಇತ್ತು, ಮೇಷ್ಟ್ರ ನೋಟ್‌ಬುಕ್ಕು ವರ್ಷವರ್ಷಕ್ಕೆ ಊದಿತು. ಸಿನಿಮಾ ಧಾಟಿಗಳೆಲ್ಲ ದ್ವಾಪರಕ್ಕೆ ಬಂದವು. ಸಾತ್ಯಕಿ ಮಾತ್ರ ಎರಡು ಹಾಡಿನ ಮೇಲೆ ಕೂತೇ ಇದ್ದ. ನೋಡನೋಡುತ್ತ ಬಾಗಿಲು ಕಾಯುವವನ ಮಟ್ಟಕ್ಕೆ ಇಳಿದಿದ್ದ. ನಾನು ರಂಗಕ್ಕೆ ಬಂದರೆ ಜನ ಟೀ ಕುಡಿಯಲು ಏಳುತ್ತಿದ್ದರು.

ಹೀಗೆ ಹಾಡು ಬೆಳೆದದ್ದರ ಪೂರ್ತಿ ಪರಿಣಾಮ ಕಾಣುವುದು ಬೆಳಗಿನ ಜಾವ. ರಾತ್ರಿ ಒಂಬತ್ತಕ್ಕೆ ಶುರು ಎಂದು ಅಚ್ಚಾಗಿರುತ್ತದೆ, ಪರದೆ ಏಳುವಾಗ ಹತ್ತೂವರೆ. ಸೇರಿಸಿದ ಹಾಡೆಲ್ಲ ದರ್ಬಾರು, ಸಂಧಾನಗಳಲ್ಲೇ ತುಂಬಿಕೊಂಡು ಅಭಿಮನ್ಯು ಚಕ್ರವ್ಯೂಹ ಹೊಗುವಷ್ಟರಲ್ಲಿ ಕೋಳಿ ಕೂಗಿರುತ್ತದೆ. ಗದಾಯುದ್ಧಕ್ಕೆ ಸೂರ್ಯ ಬಂದು ಮುಂದಿನ ಸಾಲಿನಲ್ಲಿ ಕೂತಿರುತ್ತಾನೆ. ಇಡೀ ಕಥೆ ಯಾವುದಕ್ಕಾಗಿ ನಡೆಯಿತೋ ಆ ತೊಡೆ ಮುರಿಯುವ ಕೆಲಸವನ್ನು, ಕರಗಿ ಇಳಿಯುವ ಬಣ್ಣದ ನಡುವೆ, ಹಾಲು ಹಾಕಲು ಹೊರಟ ನಾಲ್ಕು ಜನರ ಎದುರು, ಐದು ನಿಮಿಷದಲ್ಲಿ ಮುಗಿಸುತ್ತಾರೆ. ಎರಡನೇ ದುರ್ಯೋಧನ ಪಾಪ, ದುಡ್ಡು ಕೊಟ್ಟು ತೊಡೆ ಮುರಿಸಿಕೊಳ್ಳಲು ಬಂದವನು, ಸರಿಯಾಗಿ ಬೀಳಲೂ ಅವನಿಗೆ ಸಮಯವಿಲ್ಲ.

ಪಾವಗಡದ ಕಡೆ ಈ ಪೈಪೋಟಿಗೆ ಇನ್ನೊಂದು ಮಜಲಿದೆ. ಆ ತಾಲ್ಲೂಕನ್ನು ಮೂರು ಕಡೆಯಿಂದ ಆಂಧ್ರ ಸುತ್ತಿಕೊಂಡಿದೆ, ಮನೆಮಾತು ಬಹಳ ಕಡೆ ತೆಲುಗು. ತಿರುಪತಿ ವೆಂಕಟ ಕವಿಗಳ ‘ಪಾಂಡವೋದ್ಯೋಗ ವಿಜಯಮುಲು’ ನಾಟಕದ ರಾಯಭಾರದ ಪದ್ಯಗಳು ತೆಲುಗು ನಾಡಿನಲ್ಲಿ ದನ ಕಾಯುವವರ ಬಾಯಲ್ಲೂ ಇದ್ದವು. ಅಲ್ಲಿ ಬಲ ಇರುವುದು ಹಾಡಿನ ಎಣಿಕೆಯಲ್ಲಲ್ಲ, ಒಂದೇ ಪದ್ಯದ ಕೊನೆಯ ರಾಗ ಎಷ್ಟು ಉದ್ದ ಎಳೆಯಬಲ್ಲೆ ಎಂಬುದರಲ್ಲಿ. ಆ ರುಚಿ ಹತ್ತಿದ ನಾಗಲಮಡಿಕೆ, ನಿಡಗಲ್ಲು ಕಡೆಯವರು ಇತ್ತ ನಾಟಕ ನೋಡಲು ಬಂದರೆ ನಮ್ಮ ಕೃಷ್ಣನ ಕಂದಪದ್ಯ ಅವರಿಗೆ ಸೀನಿದಷ್ಟರಲ್ಲಿ ಮುಗಿದಂತೆ. ಅವರ ಎದುರು ಮಾನ ಉಳಿಸಿಕೊಳ್ಳಲು ಇವರೂ ರಾಗ ಎಳೆದರು. ಎರಡು ರಾಜ್ಯದ ಪೂರಕ ಪುಸ್ತಕ ಒಂದೇ ಚಪ್ಪರದಡಿ ಸೇರಿದರೆ ಹೀಗಾಗುತ್ತದೆ.

ಈ ಬಲದ ಪೈಪೋಟಿಯಲ್ಲಿ ದೇವರಿಗೂ ವಿನಾಯಿತಿ ಸಿಕ್ಕಿಲ್ಲ. 1976ರಲ್ಲಿ ಅಳಿಯನ ಆಟವನ್ನು ಪ್ರಕಟಿಸುತ್ತಿದ್ದ ಅಮೆರಿಕನ್ ಕಂಪನಿ ‘ಗಾಡ್ಸ್, ಡೆಮಿ-ಗಾಡ್ಸ್ ಅಂಡ್ ಹೀರೋಸ್’ ಎಂಬ ನಾಲ್ಕನೇ ಪೂರಕ ತಂದಿತು. ಗ್ರೀಕರ, ಈಜಿಪ್ಟಿನ, ಉತ್ತರ ಯುರೋಪಿನ ದೇವತೆಗಳ ಜೊತೆ ನಮ್ಮ ಇಂದ್ರ ವರುಣರಿಗೂ ಪ್ರಾಣ ಇಷ್ಟು, ಕವಚ ಇಷ್ಟು ಎಂದು ಅಂಕ ಕೊಟ್ಟ ಪುಸ್ತಕ. ಅದರ ಸಂಪಾದಕ ಟಿಮ್ ಕ್ಯಾಸ್ಕ್ ಮುನ್ನುಡಿಯಲ್ಲಿ ಉದ್ದೇಶ ಬಿಚ್ಚಿಟ್ಟರು. ದಾನಶೂರ ಮಾಸ್ಟರುಗಳ ಕೃಪೆಯಿಂದ ಕೆಲವರ ಪಾತ್ರಗಳು ನಲವತ್ತು ಮೆಟ್ಟಿಲು ಮೀರಿ ಬೆಳೆದುಬಿಟ್ಟಿವೆ. ಸ್ವತಃ ಓಡಿನ್ ದೇವರಿಗೇ ಪ್ರಾಣದ ಅಂಕ 300 ಎಂದು ಕಂಡರೆ ಅಂಥವರಿಗೆ ನಾಚಿಕೆಯಾದೀತು ಎಂಬುದು ಅವರ ಆಸೆ. ನಾಚಿಕೆ ಎಲ್ಲಿಂದ? ಅಂಕ ಇದೆ ಅಂದಮೇಲೆ ಕಳೆಯಬಹುದು ಎಂದೇ ಆಟಗಾರರು ಓದಿದರು. ದೇವರನ್ನು ಕೊಂದು ಬಂದ ಕಥೆಗಳು ಹರಡಿದವು. 1980ರಲ್ಲಿ ಅದೇ ವಿಷಯದ ಹೊಸ ಪುಸ್ತಕ ಬಂದಾಗ ಓಡಿನ್‌ಗೆ 400 ಆಗಿತ್ತು. ತುಟ್ಟಿಭತ್ಯೆ ಏರಿದ ಹಾಗೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ಊಹೆಗೆ ಮೀರಿದ್ದು ಹೆಚ್ಚಿಲ್ಲ. 1985ರ ‘ಅನ್‌ಅರ್ಥ್ಡ್ ಆರ್ಕೇನಾ’ದಲ್ಲಿ ಹಳಬರನ್ನು ಪೆದ್ದರಾಗಿಸುವ ಹೊಸ ಶೂರರು ಬಂದರು. 1989ರಲ್ಲಿ ಎರಡನೇ ಆವೃತ್ತಿ, ಅದರ ಬೆನ್ನಿಗೆ ಯೋಧನಿಗೊಂದು ಕಳ್ಳನಿಗೊಂದು ಪುರೋಹಿತನಿಗೊಂದು ಎಂದು ಕೈಪಿಡಿಗಳ ಸಾಲು. ಯಕ್ಷರಂಥ ಎಲ್ಫ್ ಜನರ ಬಗ್ಗೆ ಬಂದ ಕೈಪಿಡಿ ಎಷ್ಟು ಅತಿಯಾಯಿತೆಂದರೆ ಬರೆದ ಕಾಲಿನ್ ಮಕೋಂಬ್ ಎಷ್ಟೋ ವರ್ಷದ ಮೇಲೆ ತಮಾಷೆಯಾಗಿಯಾದರೂ ಬಹಿರಂಗವಾಗಿ ಕ್ಷಮೆ ಕೇಳಿದರು. 1997ರಲ್ಲಿ ಕಂಪನಿಯೇ ಬೇರೆಯವರ ಕೈಗೆ ಹೋಯಿತು. 2000, 2008, 2014ರಲ್ಲಿ ಹೊಸ ಆವೃತ್ತಿಗಳು. ಪ್ರತಿ ಸಲವೂ ಎಲ್ಲ ಗುಡಿಸಿ ತೆಳುವಾಗಿ ಶುರು, ಪ್ರತಿ ಸಲವೂ ಮತ್ತೆ ದಪ್ಪ.

ಯಾಕೆ ಹೀಗೆ ಎಂದು ಅಳಿಯನನ್ನು ಕೇಳಿದ್ದಕ್ಕೆ ಅವನ ಉತ್ತರ ಪಂಚಾಯಿತಿ ಮೆಂಬರಿನ ಉತ್ತರದಂತಿತ್ತು. “ಆಟ ನಡೆಸೋನು ಒಬ್ಬ, ಆಡೋರು ಐದು ಜನ. ನಡೆಸೋನಿಗೆ ಪುಸ್ತಕ ಮಾಡಿದ್ರೆ ಒಂದು ಮಾರಾಟ ಆಗುತ್ತೆ, ಆಡೋರಿಗೆ ಮಾಡಿದ್ರೆ ಐದು.” ಅಷ್ಟೆ. ಕಥೆಗೆ ಇನ್ನೊಬ್ಬ ಶೂರ ಬೇಕಾಗಿದ್ದಕ್ಕೆ ಅವನು ಬರಲಿಲ್ಲ. ಚೀಟಿ ಹಿಡಿದು ಸಾಲಿನಲ್ಲಿ ನಿಂತವನಿದ್ದ, ಅದಕ್ಕೆ ಬಂದ.

ಮಧುಗಿರಿಯ ಬೆಟ್ಟದ ಮೇಲಿನ ಕೋಟೆ ನೋಡಿದಾಗ ಇದು ನೆನಪಾಗುತ್ತದೆ. ಪಾಳೆಯಗಾರರ ಕಾಲದ ಮಣ್ಣಿನ ಕೋಟೆಯನ್ನು ಹೈದರಾಲಿ ಕಲ್ಲಿನಲ್ಲಿ ಭದ್ರಪಡಿಸಿದ ಎನ್ನುತ್ತಾರೆ. ಅಲ್ಲಿ ಗೋಡೆ ದಪ್ಪವಾಗಲು ಎದುರಿಗೆ ನಿಜವಾದ ಫಿರಂಗಿ ಇತ್ತು. ದುರ್ಯೋಧನನ ಆರನೇ ಹಾಡಿಗೆ ಎದುರಿಗಿರುವುದು ಭೀಮನ ಆರನೇ ಹಾಡು ಮಾತ್ರ.

ಆದರೆ ಇದನ್ನು ಅಮೆರಿಕದ ವ್ಯಾಪಾರ, ಹಳ್ಳಿಯ ಹಮ್ಮು ಎಂದು ತಳ್ಳಿಹಾಕಲು ನನಗೆ ಧೈರ್ಯವಿಲ್ಲ. ನಮ್ಮಜ್ಜಿ ಕೇಳಿ ಬೆಳೆದದ್ದೇ ಒಂದು ಪೂರಕ ಪುಸ್ತಕ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತ. ಅದರಲ್ಲಿ ಯುದ್ಧ ಮುಗಿದಿದೆ, ಭೀಷ್ಮ ದ್ರೋಣ ಕರ್ಣರು ಹೋಗಿದ್ದಾರೆ, ಲೋಕದಲ್ಲಿ ಅರ್ಜುನನಿಗೆ ಸಮನಾದವನು ಉಳಿದಿಲ್ಲ. ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಅವನು ಹೊರಟರೆ ಎದುರಿಗೆ ಯಾರನ್ನು ನಿಲ್ಲಿಸುವುದು? ಕರ್ಣನಿಗಿಂತ ಒಂದು ಕೂದಲೆಳೆ ಮೇಲಿನವರನ್ನೇ ನಿಲ್ಲಿಸಬೇಕು. ಕಾದ ಎಣ್ಣೆ ಕೊಪ್ಪರಿಗೆಗೆ ಹಾಕಿದರೂ ಸುಡದ ಸುಧನ್ವ ಬಂದ. ಅವನ ತಲೆ ಇಳಿಸಲು ಕೃಷ್ಣ ತನ್ನ ಪುಣ್ಯವನ್ನೆಲ್ಲ ಬಾಣಕ್ಕೆ ಧಾರೆಯೆರೆಯಬೇಕಾಯಿತು. ತಾಮ್ರಧ್ವಜನಂತೂ ಕೃಷ್ಣಾರ್ಜುನರಿಬ್ಬರನ್ನೂ ಮೂರ್ಛೆಗೆ ಕೆಡವಿ ಕುದುರೆ ಕಟ್ಟಿಕೊಂಡು ಮನೆಗೆ ಹೋದ. ಹದಿನೆಂಟು ಅಕ್ಷೋಹಿಣಿಯ ಯುದ್ಧದಲ್ಲಿ ಈ ಹುಡುಗರೆಲ್ಲ ಎಲ್ಲಿದ್ದರು ಎಂದು ಅಜ್ಜಿಯನ್ನು ಕೇಳಿದ್ದೆ. “ಆಗ ಚಿಕ್ಕೋರಿದ್ರು ಕಣಪ್ಪ” ಅಂದಿದ್ದಳು.

ಮಗ ಬಭ್ರುವಾಹನ ಅರ್ಜುನನನ್ನು ಕೊಲ್ಲುವ ಕಥೆ ವ್ಯಾಸರಲ್ಲೂ ಇದೆ. ಸುಧನ್ವ, ತಾಮ್ರಧ್ವಜರು ಜೈಮಿನಿಯ ಹೆಚ್ಚುವರಿ. ಅಲ್ಲಿ ಬಲಿಯಾದವನು ಯಾರು? ಗಾಂಡೀವಿಯೇ. ಕುರುಕ್ಷೇತ್ರ ಗೆದ್ದವನು ಪೂರಕದಲ್ಲಿ ಊರೂರಿಗೆ ಹೋಗಿ ಸೋತು ಬಿದ್ದು, ಕೃಷ್ಣ ಬಂದು ಎತ್ತುವವರೆಗೆ ಮಲಗಿರಬೇಕು. ಆದರೂ ಲಕ್ಷ್ಮೀಶ ಗೆದ್ದಿದ್ದಾನೆ. ಅವನ ವಾರ್ಧಕ ಷಟ್ಪದಿಯ ನಾದ ಒಂದು ಕಾರಣ. ಇನ್ನೊಂದು, ಅವನು ಬಲದ ಏಣಿಯನ್ನು ಎಷ್ಟು ಎತ್ತರಕ್ಕೆ ಕಟ್ಟಿದರೂ ತುದಿಯಲ್ಲಿ ಭಕ್ತಿಯನ್ನು ಇಟ್ಟ. ಸುಧನ್ವ ಅರ್ಜುನನಿಗಿಂತ ಬಲಶಾಲಿ ಎಂಬುದಕ್ಕಿಂತ ಕೃಷ್ಣನಿಗೆ ಎಷ್ಟು ಹತ್ತಿರ ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಆಟ ನಡೆಸುವವನ ಪ್ರೀತಿಗೆ ಅಂಕವಿಲ್ಲ, ಆದ್ದರಿಂದ ಅದನ್ನು ಮೀರಿಸುವ ಮುಂದಿನ ಪುಸ್ತಕವೂ ಬರಲಾರದು. ಹತ್ತು ತಲೆ ಸಾಲದೆಂದು ಸಾವಿರ ತಲೆಯ ರಾವಣನನ್ನು ಸೃಷ್ಟಿಸಿದ ಅದ್ಭುತ ರಾಮಾಯಣಕ್ಕೆ ಈ ಜಾಣತನ ಇಲ್ಲವೆಂದು ಹೇಳಲಾರೆ. ಅಲ್ಲಿ ಅವನನ್ನು ಕೊಲ್ಲುವವಳು ಸೀತೆ. ಆದರೆ ತಲೆ ಎಣಿಸುವ ಚಟ ಅಂಟಿದ್ದು ಗೊತ್ತಾಗುತ್ತದೆ.

ಸೇರಿಸಿದ್ದನ್ನು ತೆಗೆಯುವ ಪ್ರಯತ್ನವೂ ನಡೆದಿದೆ. ಪುಣೆಯ ಭಂಡಾರಕರ್ ಸಂಸ್ಥೆಯವರು 1919ರಿಂದ 1966ರವರೆಗೆ ಮಹಾಭಾರತದ ಹಸ್ತಪ್ರತಿಗಳನ್ನು ತಾಳೆ ಹಾಕಿ, ಆಮೇಲೆ ಬಂದವೆಂದು ಕಂಡದ್ದನ್ನೆಲ್ಲ ಅಡಿಟಿಪ್ಪಣಿಗೂ ಅನುಬಂಧಕ್ಕೂ ಇಳಿಸಿದರು. ವಸ್ತ್ರಾಪಹರಣದಲ್ಲಿ ದ್ರೌಪದಿ ಕೃಷ್ಣನಿಗೆ ಮೊರೆಯಿಡುವುದೂ ಹಾಗೆ ಇಳಿಯಿತು. ವಿದ್ವಾಂಸರಿಗೆ ನಮಸ್ಕಾರ. ಆದರೆ ಅದನ್ನು ಕೊರಟಗೆರೆ ತಾಲ್ಲೂಕಿನ ಯಾವ ಚಪ್ಪರದಲ್ಲಾದರೂ ಜಾರಿಗೆ ತಂದು ನೋಡಲಿ.

ಕಡಿವಾಣ ಹಾಕಬಲ್ಲವನು ಆ ರಾತ್ರಿ ಅಲ್ಲೇ ಕೂತಿರುವವನು. ಅಳಿಯನ ಆಟದ ಸಂಘಟಿತ ಕೂಟಗಳಲ್ಲಿ ಕೆಲವು ವರ್ಷ ಒಂದು ನಿಯಮವಿತ್ತು: ಮೂಲ ಪುಸ್ತಕ, ಅದರ ಜೊತೆಗೆ ಯಾವುದಾದರೂ ಒಂದೇ ಒಂದು ಪೂರಕ. ಎರಡು ಪೂರಕದ ಬಲ ಬೆರೆಸಿ ರಾಕ್ಷಸನನ್ನು ಕಟ್ಟುವಂತಿಲ್ಲ. ನಮ್ಮಲ್ಲಿ ಆ ಕೆಲಸ ಹಾರ್ಮೋನಿಯಂ ಮೇಷ್ಟ್ರದು. ಒಳ್ಳೆಯ ಮೇಷ್ಟ್ರು ಬಾಯಿಬಿಟ್ಟು ಬೇಡ ಅನ್ನುವುದಿಲ್ಲ, ದುಡ್ಡು ಕೊಟ್ಟವರಿಗೆ ಹಾಗೆ ಅನ್ನಲಾಗುವುದಿಲ್ಲ. ಶ್ರುತಿಯನ್ನು ಅರ್ಧ ಮನೆ ಏರಿಸಿಬಿಡುತ್ತಾರೆ. ಕೃಷ್ಣ ತಾನಾಗಿಯೇ ಒಂದು ಚರಣ ಬಿಟ್ಟು ಇಳಿಯುತ್ತಾನೆ. ಒನ್ಸ್ ಮೋರ್ ಎಂದು ಕೂಗು ಬಿದ್ದಾಗ ತಬಲದವನ ಕಡೆ ತಿರುಗಿ ಏನೋ ಕೇಳುತ್ತ ಕೂರುತ್ತಾರೆ, ಅಷ್ಟರಲ್ಲಿ ಸೀನು ಮುಂದೆ ಹೋಗಿರುತ್ತದೆ.

ಅಂಥ ಒಬ್ಬ ಮೇಷ್ಟ್ರನ್ನು ನಾನು ಒಮ್ಮೆ ಕೇಳಿದೆ, ನಮ್ಮ ನಾಟಕಗಳೆಲ್ಲ ಗದಾಪರ್ವಕ್ಕೇ ಯಾಕೆ ನಿಲ್ಲುತ್ತವೆ ಅಂತ. ಕುಮಾರವ್ಯಾಸ ಅಲ್ಲಿಗೇ ನಿಲ್ಲಿಸಿದ ಸರಿ, ಮಿಕ್ಕದ್ದನ್ನು ತಿಮ್ಮಣ್ಣ ಕವಿ ಮುಗಿಸಿದ್ದಾನಲ್ಲ. ಮೌಸಲಪರ್ವ ಆಡಬಾರದೇ? ಕೃಷ್ಣ ತೀರಿಕೊಂಡ ಮೇಲೆ ಯಾದವ ಹೆಂಗಸರನ್ನು ಕರೆದುಕೊಂಡು ಬರುವ ಅರ್ಜುನನನ್ನು ಆಭೀರರು ದೊಣ್ಣೆ ಹಿಡಿದು ಅಡ್ಡಗಟ್ಟುತ್ತಾರೆ. ಗಾಂಡೀವಕ್ಕೆ ಹೆದೆ ಏರಿಸಲು ಅವನು ಹೆಣಗುತ್ತಾನೆ. ಅಸ್ತ್ರಗಳ ಮಂತ್ರ ನೆನಪಿಗೆ ಬರುವುದಿಲ್ಲ. ಬತ್ತಳಿಕೆ ಬರಿದಾಗುತ್ತದೆ. ಇಷ್ಟೆಲ್ಲ ಬಲ ಕೂಡಿಸಿದ ವ್ಯಾಸರು ಕೊನೆಗೆ ಅದನ್ನು ಒಂದೊಂದಾಗಿ ಕಳೆಯುವ ಪರ್ವವನ್ನೂ ತಾವೇ ಬರೆದಿಟ್ಟಿದ್ದಾರೆ.

ಮೇಷ್ಟ್ರು ಎಲೆ ಅಡಿಕೆ ಒಂದು ಕೆನ್ನೆಗೆ ಸರಿಸಿ ಅಂದರು: “ಕಾಸ್ ಕೊಟ್ಟು ದೊಣ್ಣೆ ಏಟ್ ತಿನ್ನಕ್ಕೆ ಯಾರ್ ಬತ್ತಾರೆ ಸ್ವಾಮಿ? ನೀವ್ ಹಾಕ್ತೀರಾ? ಹಾಕೋದಾದ್ರೆ ಹೇಳಿ, ಶಿವರಂಜನೀಲಿ ಎಲ್ಡು ಮಟ್ಟು ಕೂಡಿಸ್ಕೊಡ್ತೀನಿ.”

ಇದನ್ನು ಅಳಿಯನಿಗೆ ಹೇಳಿದೆ. ಅವನು ಬಿಡಲಿಲ್ಲ. ಬೆಂಗಳೂರಿನ ತನ್ನ ಗುಂಪಿಗೆ ಮೌಸಲಪರ್ವವನ್ನೇ ಆಟವಾಗಿ ಕಟ್ಟಿದ. ಮೂಲ ಪುಸ್ತಕ ಮಾತ್ರ, ಪೂರಕ ಒಂದೂ ಇಲ್ಲ. ಪ್ರತಿ ಸರದಿಗೂ ಅರ್ಜುನನ ಹಾಳೆಯಿಂದ ಒಂದು ಅಸ್ತ್ರ ಅಳಿಸಿಹೋಗಬೇಕು. ಯಾರು ಯಾವ ಪಾತ್ರ ಎಂದು ಕೇಳಿದಾಗ ಐವರಲ್ಲಿ ನಾಲ್ವರು ದೊಣ್ಣೆ ಹಿಡಿದ ಆಭೀರರಾಗುತ್ತೇವೆ ಎಂದರಂತೆ. ಐದನೆಯವನು ಕೇಳಿದನಂತೆ, ಎರಡು ಕೈಯಲ್ಲೂ ಒಂದೊಂದು ದೊಣ್ಣೆ ಹಿಡಿಯಬಹುದಾ ಅಂತ.